ಒಡೆದ ಕಾಂಕ್ರೀಟು, ಸ್ಲ್ಯಾಗ್, ಪ್ಲಾಸ್ಟಿಕ್ ಕವರು: ಒಂದು ಕಿಲೋಮೀಟರ್ ರಸ್ತೆಗೆ ಎಷ್ಟು, ಎಲ್ಲಿ, ಹೇಗೆ

3.75 ಮೀಟರ್ ಅಗಲದ ಒಂದು ಕಿಲೋಮೀಟರ್ ರಸ್ತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮೇಲಿನ 30 ಮಿ.ಮೀ. ಡಾಂಬರು ಪದರಕ್ಕೆ ಸುಮಾರು 260 ಟನ್ ಮಿಶ್ರಣ ಬೇಕು. ಅದರಲ್ಲಿ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು, ಅಂದರೆ ಬಿಟುಮೆನ್, 14 ಟನ್. ಬಿಟುಮೆನ್ ತೂಕದ ಶೇ 8ರಷ್ಟು ಪ್ಲಾಸ್ಟಿಕ್ ಬಳಸಿದರೆ ಖರ್ಚಾಗುವುದು 1.1 ಟನ್. ಅದೇ ರಸ್ತೆಯ ತಳದಲ್ಲಿ 150 ಮಿ.ಮೀ. ದಪ್ಪದ ಜಿಎಸ್‌ಬಿ (ಗ್ರಾನ್ಯುಲರ್ ಸಬ್‌ಬೇಸ್, ಮಣ್ಣಿನ ಮೇಲಿನ ಜಲ್ಲಿ ಹಾಸು) ಪದರವನ್ನು ಪೂರ್ತಿ ಒಡೆದ ಕಾಂಕ್ರೀಟಿನಿಂದ ಮಾಡಿದರೆ 562 ಘನ ಮೀಟರ್, ಅಂದರೆ ಹತ್ತಿರಹತ್ತಿರ 1,100 ಟನ್. ಸಾವಿರ ಪಟ್ಟು ವ್ಯತ್ಯಾಸ. ಪತ್ರಿಕೆಯಲ್ಲಿ ಫೋಟೋ ಬರುವುದು ಪ್ಲಾಸ್ಟಿಕ್ ರಸ್ತೆಯದ್ದು, ಕ್ವಾರಿಯ ಹೊರೆ ಇಳಿಸುವುದು ಮಾತ್ರ ಕೆಳಗಿನ ಪದರ.

ಹಾಗಾಗಿ ಈ ಮಾರ್ಗದರ್ಶಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಕೆಳ ಪದರದಲ್ಲಿ ತಪ್ಪಾದರೆ ನಷ್ಟ ಕಡಿಮೆ, ತ್ಯಾಜ್ಯ ಹಿಡಿಸುವುದು ಹೆಚ್ಚು. ಮೇಲೆ ಹೋದಂತೆ ಎರಡೂ ತಿರುಗುಮುರುಗು. ವಾರ್ಡ್ ರಸ್ತೆ, ಗ್ರಾಮ ಪಂಚಾಯಿತಿ ರಸ್ತೆ, ಬಡಾವಣೆಯ ಒಳರಸ್ತೆ ಮಾಡಿಸುವ ಎಂಜಿನಿಯರ್ ಮತ್ತು ಗುತ್ತಿಗೆದಾರರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಹೆದ್ದಾರಿಯ ಲೆಕ್ಕ ಬೇರೆ.

ಲೋಡ್ ಒಳಗೆ ಬಿಡುವ ಮುನ್ನ

ಮುಕ್ಕಾಲು ಪಾಲು ಗುಣಮಟ್ಟ ನಿರ್ಧಾರವಾಗುವುದು ಕ್ರಷರ್‌ನಲ್ಲಲ್ಲ, ಕಟ್ಟಡ ಒಡೆಯುವ ಜಾಗದಲ್ಲಿ. ಜೆಸಿಬಿ ತಂದು ಒಂದೇ ಸಲ ಉರುಳಿಸಿದ ಮನೆಯ ಅವಶೇಷದಿಂದ ಒಳ್ಳೆಯ ಜಲ್ಲಿ ತೆಗೆಯಲು ಯಾವ ಯಂತ್ರಕ್ಕೂ ಆಗುವುದಿಲ್ಲ. ಒಡೆಯುವ ಕ್ರಮ ಹೀಗಿರಲಿ: ಮೊದಲು ಬಾಗಿಲು, ಕಿಟಕಿ, ವೈರಿಂಗ್, ಪೈಪು. ಆಮೇಲೆ ಜಿಪ್ಸಂ ಫಾಲ್ಸ್ ಸೀಲಿಂಗ್ ಮತ್ತು ಗೋಡೆಯ ಪಿಒಪಿ. ನಂತರ ಟೈಲ್ಸ್, ಇಟ್ಟಿಗೆ ಗೋಡೆ. ಕೊನೆಗೆ ಸ್ಲ್ಯಾಬ್, ಬೀಮು, ಕಂಬ. 2016ರ ಕಟ್ಟಡ ತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ 20 ಟನ್ ಅಥವಾ ಒಂದು ಕಾಮಗಾರಿಯಿಂದ ತಿಂಗಳಿಗೆ 300 ಟನ್ ಮೀರಿ ತ್ಯಾಜ್ಯ ಹುಟ್ಟಿಸುವವರು ಕಾಂಕ್ರೀಟು, ಮಣ್ಣು, ಉಕ್ಕು, ಮರ ಮತ್ತು ಪ್ಲಾಸ್ಟಿಕ್, ಇಟ್ಟಿಗೆ ಮತ್ತು ಗಾರೆ ಎಂದು ಬೇರೆಬೇರೆ ಮಾಡಬೇಕು ಎಂದಿದ್ದವು. ಸಣ್ಣ ಮನೆ ಒಡೆಯುವವರಿಗೂ ಇದೇ ವಿಂಗಡಣೆ ಲಾಭ, ಏಕೆಂದರೆ ಶುದ್ಧ ಕಾಂಕ್ರೀಟಿನ ಲೋಡಿಗೆ ಮಾತ್ರ ಬೆಲೆ ಸಿಗುತ್ತದೆ.

ಗೇಟಿನಲ್ಲೇ ವಾಪಸ್ ಕಳಿಸಬೇಕಾದ ಲೋಡುಗಳು ಮೂರು. ಮೊದಲನೆಯದು ಕಲ್ನಾರು ಶೀಟಿನ ಚೂರಿರುವ ಲೋಡು. ಕ್ರಷರ್‌ಗೆ ಹೋದ ಕಲ್ನಾರಿನ ನಾರು ಕೆಲಸಗಾರರ ಶ್ವಾಸಕೋಶಕ್ಕೆ ಹೋಗುತ್ತದೆ, ಇಲ್ಲಿ ರಿಯಾಯಿತಿಯ ಮಾತೇ ಇಲ್ಲ. ಎರಡನೆಯದು ಜಿಪ್ಸಂ, ಪಿಒಪಿ ಬೆರೆತದ್ದು. ಅದರ ಸಲ್ಫೇಟ್ ಸಿಮೆಂಟಿನ ಜೊತೆ ವರ್ತಿಸಿ ತಿಂಗಳುಗಳ ನಂತರ ಉಬ್ಬುತ್ತದೆ. ಎರಕ ಹಾಕಿದ ದಿನ ಎಲ್ಲವೂ ಚೆನ್ನಾಗಿಯೇ ಕಾಣುವುದರಿಂದ ಕಾರಣ ಹುಡುಕುವಾಗ ಯಾರೂ ಜಿಪ್ಸಂ ನೆನೆಯುವುದಿಲ್ಲ. ಮೂರನೆಯದು ರಾಸಾಯನಿಕ ಕಾರ್ಖಾನೆ, ಗ್ಯಾರೇಜುಗಳ ಎಣ್ಣೆ ಕುಡಿದ ನೆಲದ ಕಾಂಕ್ರೀಟು.

ಉಳಿದ ಲೋಡುಗಳಿಗೆ ಒಂದು ಅಗ್ಗದ ಪರೀಕ್ಷೆ: ರಾಶಿಯ ನಾಲ್ಕೈದು ಕಡೆಯಿಂದ ಬಾಂಡ್ಲಿಯಲ್ಲಿ ಒಟ್ಟು 50 ಕೆ.ಜಿ. ತೆಗೆದು ಟಾರ್ಪಾಲಿನ ಮೇಲೆ ಹರಡಿ, ಕೈಯಿಂದ ವಿಂಗಡಿಸಿ, ತೂಗಿ. ಇಟ್ಟಿಗೆ, ಗಾರೆ, ಟೈಲ್ಸ್ ಸೇರಿ ಶೇ 5ರೊಳಗಿದ್ದರೆ ಆ ರಾಶಿಯನ್ನು ಕಾಂಕ್ರೀಟ್ ಜಲ್ಲಿಗೆ ಇಡಿ. ಅದಕ್ಕಿಂತ ಜಾಸ್ತಿಯಾದರೆ ಜಿಎಸ್‌ಬಿಗೆ. ಮರ, ಪ್ಲಾಸ್ಟಿಕ್, ಬಟ್ಟೆ ಒಂದು ಹಿಡಿಗಿಂತ ಹೆಚ್ಚು ಸಿಕ್ಕರೆ ಮತ್ತೆ ಆರಿಸಲು ಕಳಿಸಿ. ಜಲ್ಲಿ, ಮರಳಿನ ಭಾರತೀಯ ಮಾನದಂಡವಾದ ಐಎಸ್ 383ರ 2016ರ ಆವೃತ್ತಿಯೂ ಇದೇ ಗೆರೆ ಎಳೆಯುತ್ತದೆ: ಬರೀ ಕಾಂಕ್ರೀಟಿನಿಂದ ಬಂದದ್ದು ಆರ್‌ಸಿಎ, ಇಟ್ಟಿಗೆ, ಟೈಲ್ಸ್, ಕಲ್ಲು ಬೆರೆತದ್ದು ಆರ್‌ಎ. ಎರಡಕ್ಕೂ ಅನುಮತಿಸಿದ ಜಾಗಗಳು ಬೇರೆ.

ಕ್ರಷಿಂಗ್ ಎರಡು ಹಂತದಲ್ಲಾಗಲಿ. ಜಾ ಕ್ರಷರ್, ಕಂಬಿ ಎಳೆಯುವ ಮ್ಯಾಗ್ನೆಟ್, ಆಮೇಲೆ ಇಂಪ್ಯಾಕ್ಟ್ ಕ್ರಷರ್. ಜಾ ಕ್ರಷರ್ ಒಂದೇ ಆದರೆ ಹಳೆ ಗಾರೆ ಜಲ್ಲಿಗೆ ಅಂಟಿಕೊಂಡೇ ಉಳಿಯುತ್ತದೆ. ಇಂಪ್ಯಾಕ್ಟ್ ಕ್ರಷರ್‌ನ ಹೊಡೆತಕ್ಕೆ ಅದು ಬಹುಪಾಲು ಉದುರುತ್ತದೆ. ಉದುರಿದ ಗಾರೆಯೆಲ್ಲ 4.75 ಮಿ.ಮೀ. ಜರಡಿಯ ಕೆಳಗೆ ಸೇರುತ್ತದೆ. ಆ ಪುಡಿಗೂ ಕಾಂಕ್ರೀಟಿನಲ್ಲಿ ಮಿತವಾಗಿ ಅವಕಾಶವಿದೆ, ಆದರೆ ಸಣ್ಣ ಸೈಟಿನಲ್ಲಿ ಅದನ್ನು ಮರಳಿನ ಬದಲಿಗೆ ಹಾಕದಿರುವುದೇ ಕ್ಷೇಮ. ನೀರು ಕುಡಿಯುವುದರಲ್ಲಿ ಅದಕ್ಕೆ ಮಿತಿಯಿಲ್ಲ. ಜಿಎಸ್‌ಬಿಗೆ ಬೆರೆಸಿ ಮುಗಿಸಿ. ಕ್ರಷರ್ ಬಳಿ ನೀರಿನ ಸಿಂಚನ, ಕೆಲಸಗಾರರಿಗೆ ಮಾಸ್ಕ್ ಕಡ್ಡಾಯ: ಸಿಲಿಕಾ ದೂಳು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಕಾಣದೆ ಹಾರುತ್ತದೆ.

ತಳದ ಪದರ: ಜಿಎಸ್‌ಬಿ

ರಸ್ತೆ ಕೆಲಸದಲ್ಲಿ ಕಟ್ಟಡ ತ್ಯಾಜ್ಯ ಬಳಸಲು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 121 (2017) ಇದೆ. ಟೆಂಡರ್ ಷರತ್ತಿನಲ್ಲಿ ಅದರ ಹೆಸರು ಬರೆಸಿಕೊಂಡರೆ ಬಿಲ್ ಪಾಸಾಗುವಾಗ ವಾದ ಕಡಿಮೆ.

1. ಪ್ರಯೋಗಾಲಯ ಮೊದಲು. ಗ್ರೇಡಿಂಗ್ (ಯಾವ ಗಾತ್ರ ಎಷ್ಟಿದೆ), ಇಂಪ್ಯಾಕ್ಟ್ ವ್ಯಾಲ್ಯೂ (ಹೊಡೆತಕ್ಕೆ ಪುಡಿಯಾಗುವ ಪಾಲು, ಗರಿಷ್ಠ ಶೇ 40), ಜೇಡಿಗುಣ ಅಳೆಯುವ ಲಿಕ್ವಿಡ್ ಲಿಮಿಟ್ (ಗರಿಷ್ಠ 25) ಮತ್ತು ಪ್ಲಾಸ್ಟಿಸಿಟಿ ಇಂಡೆಕ್ಸ್ (ಗರಿಷ್ಠ 6), ನೆನೆಸಿದ ಸಿಬಿಆರ್ (ಹೊರೆ ತಾಳುವ ಶಕ್ತಿ, ಕನಿಷ್ಠ ಶೇ 30). ಇಟ್ಟಿಗೆ ಬೆರೆತಿದ್ದರೆ ಇಂಪ್ಯಾಕ್ಟ್ ಪರೀಕ್ಷೆಯನ್ನು ಒಣ ಜಲ್ಲಿಯ ಮೇಲಲ್ಲ, ಐಎಸ್ 5640ರಂತೆ ನೆನೆಸಿದ ಜಲ್ಲಿಯ ಮೇಲೆ ಮಾಡಿಸಿ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಂಡ ಇಟ್ಟಿಗೆ ಚೂರು ಮಳೆಗಾಲದಲ್ಲಿ ರೋಲರ್ ಅಡಿ ಹಿಟ್ಟಾಗುತ್ತದೆ.

2. ಲೋಡ್ ಎಣಿಕೆ. 562 ಘನ ಮೀಟರ್ ಗಟ್ಟಿ ಪದರಕ್ಕೆ ಸಡಿಲ ಸಾಮಗ್ರಿ ಸುಮಾರು 720 ಘನ ಮೀಟರ್ ಬೇಕು. 150 ಮಿ.ಮೀ. ಸಿಗಬೇಕಾದರೆ 190 ಮಿ.ಮೀ. ಆಸುಪಾಸು ಹರಡಿ.

3. ನೀರು. ಕ್ವಾರಿ ಜಲ್ಲಿಗೆ ರೂಢಿಯಾದ ಟ್ಯಾಂಕರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಳೆ ಗಾರೆ ನೀರು ಹೀರುವುದರಿಂದ ಆಪ್ಟಿಮಮ್ ತೇವಾಂಶ (ಪದರ ಅತಿ ಗಟ್ಟಿಯಾಗಿ ಕೂರಲು ಬೇಕಾದ ತೇವ) ಹೆಚ್ಚೇ ಬರುತ್ತದೆ. ಹಿಂದಿನ ಸಂಜೆ ರಾಶಿಯ ಮೇಲೆ ನೀರು ಬಿಟ್ಟು, ಬೆಳಗ್ಗೆ ತಿರುವಿ, ತೇವಾಂಶ ನೋಡಿ ಉಳಿದದ್ದು ಸೇರಿಸಿ. ಹರಡಿದ ಮೇಲೆ ಒಂದೇ ಸಲ ನೀರು ಹೊಡೆದರೆ ಮೇಲ್ಮೈ ಕೆಸರಾಗುತ್ತದೆ, ಅಡಿ ಒಣಗಿಯೇ ಇರುತ್ತದೆ.

4. ರೋಲಿಂಗ್. 8ರಿಂದ 10 ಟನ್ ವೈಬ್ರೇಟರಿ ರೋಲರ್, ಅಂಚಿನಿಂದ ನಡುವಿಗೆ, ಪ್ರತಿ ಸುತ್ತಿಗೂ ಮೂರನೇ ಒಂದು ಭಾಗ ಹಿಂದಿನ ಜಾಡಿನ ಮೇಲೆ ಬರುವಂತೆ, ಗಂಟೆಗೆ 5 ಕಿ.ಮೀ. ಮೀರದ ವೇಗದಲ್ಲಿ. ಪ್ರಯೋಗಾಲಯದ ಗರಿಷ್ಠ ಒಣ ಸಾಂದ್ರತೆಯ ಶೇ 98 ಬರುವವರೆಗೆ. ಅದು ಬಂದಮೇಲೂ ಉರುಳಿಸುತ್ತಲೇ ಇದ್ದರೆ ಜಲ್ಲಿ ಒಡೆದು ಪುಡಿ ಹೆಚ್ಚಿ, ನೀರು ಬಸಿಯಬೇಕಾದ ಪದರವೇ ನೀರು ಹಿಡಿದು ಕೂರುತ್ತದೆ. ಆದ್ದರಿಂದ ಮೊದಲ 50 ಮೀಟರ್ ಪ್ರಯೋಗದ ತುಂಡು ಮಾಡಿ, ರೋಲಿಂಗ್‌ಗೆ ಮುಂಚೆ ಮತ್ತು ನಂತರ ಎರಡು ಸಲ ಗ್ರೇಡಿಂಗ್ ತೆಗೆಸಿ, ಎಷ್ಟು ಪಾಸ್ ಸಾಕೆಂದು ಗೊತ್ತು ಮಾಡಿಕೊಳ್ಳಿ.

ಎಲ್ಲರೂ ಮರೆಯುವ ಇನ್ನೊಂದು ಸಂಗತಿ: ಒಡೆದ ಕಾಂಕ್ರೀಟಿನಿಂದ ಹರಿದು ಬರುವ ನೀರು ಕ್ಷಾರೀಯ, ಅದರಲ್ಲಿ ಸುಣ್ಣ ಕರಗಿರುತ್ತದೆ. ಗಾಳಿ ತಾಗಿದ ಕೂಡಲೇ ಬಿಳಿ ಪದರವಾಗಿ ಕೂತು ಬಸಿ ಪೈಪಿನ ರಂಧ್ರ, ಜಿಯೋಟೆಕ್ಸ್‌ಟೈಲ್ ಮುಚ್ಚುತ್ತದೆ. ಬಸಿ ಚರಂಡಿಯ ಸುತ್ತಲಿನ ಒಂದೆರಡು ಅಡಿಗೆ ಕ್ವಾರಿ ಜಲ್ಲಿಯನ್ನೇ ಹಾಕಿ. ಕೆರೆ ಏರಿ, ತೆರೆದ ಬಾವಿಯ ಪಕ್ಕದಲ್ಲಿ ಈ ಪದರ ಬೇಡ.

ಕಾಂಕ್ರೀಟು: ಎಲ್ಲಿ ಹಾಕಬಹುದು, ಎಲ್ಲಿ ಕೂಡದು

ಐಎಸ್ 383ರ ಮಿತಿಗಳನ್ನು ಮೇಸ್ತ್ರಿಯ ಗೋಡೆಯ ಮೇಲೆ ಬರೆದಿಡುವಷ್ಟು ಚಿಕ್ಕದಾಗಿ ಹೇಳಬಹುದು. ಆರ್‌ಸಿಎ ಜಲ್ಲಿ: ಕಂಬಿಯಿಲ್ಲದ ಕಾಂಕ್ರೀಟಿನಲ್ಲಿ ಶೇ 25, ಕಂಬಿಯಿರುವುದರಲ್ಲಿ ಶೇ 20 ಮತ್ತು ಅದೂ ಎಂ25ರವರೆಗೆ (28 ದಿನಕ್ಕೆ 25 ಮೆಗಾಪ್ಯಾಸ್ಕಲ್ ಬಲದ ದರ್ಜೆ) ಮಾತ್ರ, ಎಂ15ಕ್ಕಿಂತ ಕಡಿಮೆಯ, ಸಿಮೆಂಟ್ ಕಮ್ಮಿಯಿರುವ ಲೀನ್ ಕಾಂಕ್ರೀಟಿನಲ್ಲಿ ಶೇ 100. ಇಟ್ಟಿಗೆ ಬೆರೆತ ಆರ್‌ಎ: ಲೀನ್ ಕಾಂಕ್ರೀಟಿಗೆ ಮಾತ್ರ, ಬೇರೆಲ್ಲೂ ಇಲ್ಲ. ಸ್ಲ್ಯಾಗ್ ಎಂದರೆ ಕುಲುಮೆಯಲ್ಲಿ ಲೋಹ ಬೇರ್ಪಟ್ಟ ಮೇಲೆ ಉಳಿಯುವ ಕಿಟ್ಟ. ಉಕ್ಕಿನ ಸ್ಲ್ಯಾಗ್ ಜಲ್ಲಿ ಕಂಬಿ ಕಾಂಕ್ರೀಟಿಗೆ ನಿಷಿದ್ಧ, ಕಬ್ಬಿಣದ ಸ್ಲ್ಯಾಗ್ ಶೇ 25ರವರೆಗೆ ಸರಿ. ಈ ಎರಡು ಸ್ಲ್ಯಾಗ್‌ಗಳನ್ನು ಒಂದೇ ಎಂದು ತಿಳಿಯುವುದು ಬಳ್ಳಾರಿ ಕಡೆ ದುಬಾರಿಯಾದೀತು. ಉಕ್ಕಿನ ಸ್ಲ್ಯಾಗ್‌ನಲ್ಲಿ ಬಿಡಿ ಸುಣ್ಣ ಉಳಿದಿದ್ದು, ತೇವ ತಾಗಿದಾಗ ಊದಿಕೊಳ್ಳುತ್ತದೆ.

ಕೋಡ್ ಅನುಮತಿಸಿದೆ ಎಂದು ಎಲ್ಲವನ್ನೂ ಮಾಡಬೇಕಿಲ್ಲ. ಬ್ಯಾಚಿಂಗ್ ಪ್ಲಾಂಟ್ ಇಲ್ಲದ ಸೈಟಿನಲ್ಲಿ ಸ್ಲ್ಯಾಬಿಗೂ ಕಂಬಕ್ಕೂ ಆರ್‌ಸಿಎ ಹಾಕದಿರಿ. ಸಿಮೆಂಟ್ ರಸ್ತೆಯ ಮೇಲ್ಪದರಕ್ಕೂ ಬೇಡ, ಚಕ್ರ ಉಜ್ಜುವುದು ಅದನ್ನೇ. ಅದರ ಅಡಿಯ ಡ್ರೈ ಲೀನ್ ಕಾಂಕ್ರೀಟಿಗೆ ಧಾರಾಳವಾಗಿ ಹಾಕಿ. ಚರಂಡಿಯ ತಳ, ಫುಟ್‌ಪಾತ್ ಅಡಿಯ ಪಿಸಿಸಿ (ಕಂಬಿಯಿಲ್ಲದ ಕಾಂಕ್ರೀಟು), ಕರ್ಬ್ ಕಲ್ಲಿನ ಹಾಸು ಇವಕ್ಕೆ ಇದು ಹೇಳಿ ಮಾಡಿಸಿದ ಸಾಮಗ್ರಿ.

ಸಿಮೆಂಟಿನ ಪಾಲನ್ನು ಕಬ್ಬಿಣದ ಸ್ಲ್ಯಾಗ್ ಪುಡಿಯಿಂದ, ಅಂದರೆ ಜಿಜಿಬಿಎಸ್‌ನಿಂದ, ಇಲ್ಲವೇ ಹಾರುಬೂದಿಯಿಂದ ತುಂಬಿದರೆ ಲಾಭ ಇನ್ನೂ ದೊಡ್ಡದು. ಕರ್ನಾಟಕದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಸ್ಲ್ಯಾಗ್, ರಾಯಚೂರಿನ ಶಕ್ತಿನಗರ ಮತ್ತು ಬಳ್ಳಾರಿಯ ಕುಡತಿನಿ ವಿದ್ಯುತ್ ಸ್ಥಾವರಗಳಿಂದ ಹಾರುಬೂದಿ ಬರುತ್ತದೆ. ಹಾರುಬೂದಿ ಎಂದರೆ ಚಿಮಣಿಯ ದೂಳು ಹಿಡಿಯುವ ಇಎಸ್‌ಪಿ ಯಂತ್ರದಲ್ಲಿ ಒಣದಾಗಿ ಹಿಡಿದದ್ದು, ಐಎಸ್ 3812ಕ್ಕೆ ಹೊಂದುವಂಥದ್ದು. ಹೊಂಡದಲ್ಲಿ ನೀರಿನ ಜೊತೆ ಬಿಟ್ಟ ಪಾಂಡ್ ಆ್ಯಶ್ ಅಲ್ಲ. ಅದು ಮಣ್ಣು ತುಂಬಲು ಸರಿ, ಸಿಮೆಂಟಿನ ಬದಲಿಗೆ ಆಗದು. ಮೂಟೆಯ ಮೇಲೆ ಪಿಪಿಸಿ ಅಥವಾ ಪಿಎಸ್‌ಸಿ ಎಂದಿದ್ದರೆ ಅದರಲ್ಲಿ ಆಗಲೇ ಬೂದಿಯೋ ಸ್ಲ್ಯಾಗೋ ಬೆರೆತಿದೆ, ಮೇಲೆ ಮತ್ತೆ ಸೇರಿಸಬೇಡಿ. ಕೆಳಗಿನ ಅಳತೆ ಇವೇನೂ ಬೆರೆಯದ ಒಪಿಸಿ ಸಿಮೆಂಟಿಗೆ ಮಾತ್ರ.

ಎಂ20 ಪಿಸಿಸಿಗೆ ಒಂದು ಘನ ಮೀಟರಿನ ಆರಂಭಿಕ ಮಿಶ್ರಣ, ಜಲ್ಲಿ ಮತ್ತು ಮರಳನ್ನು ಒಳಗೆ ತುಂಬಿಕೊಂಡ, ಮೇಲೆ ಒಣಗಿದ ಸ್ಥಿತಿಯಲ್ಲಿ ಲೆಕ್ಕ ಹಾಕಿದ್ದು:

ಒಪಿಸಿ 192 ಕೆ.ಜಿ.
ಜಿಜಿಬಿಎಸ್ 128 ಕೆ.ಜಿ.
ನೀರು 170 ಲೀಟರ್
ಎಂ-ಸ್ಯಾಂಡ್ 758 ಕೆ.ಜಿ.
ಕ್ವಾರಿ ಜಲ್ಲಿ 831 ಕೆ.ಜಿ.
ಆರ್‌ಸಿಎ ಜಲ್ಲಿ 277 ಕೆ.ಜಿ.

ಸಣ್ಣ ಮಿಕ್ಸರ್‌ಗೆ ಇದನ್ನು ಇಳಿಸಿದರೆ ಒಂದು ಸುತ್ತಿಗೆ ಒಪಿಸಿ 30, ಜಿಜಿಬಿಎಸ್ 20, ನೀರು 26.5, ಮರಳು 118, ಕ್ವಾರಿ ಜಲ್ಲಿ 130, ಆರ್‌ಸಿಎ 43. ಎಲ್ಲವೂ ತೂಕದಲ್ಲಿ. ಆರ್‌ಸಿಎ ಹಗುರವಾದ್ದರಿಂದ ಬಾಂಡ್ಲಿ ಎಣಿಸಿ ಹಾಕಿದರೆ ಶೇ 25 ಎಲ್ಲೋ, ನೀವೆಲ್ಲೋ. ನಿಮ್ಮ ಜಲ್ಲಿಯ ಸಾಪೇಕ್ಷ ಸಾಂದ್ರತೆ ಬೇರೆಯಿದ್ದರೆ ಅಂಕಿಗಳು ಬದಲಾಗುತ್ತವೆ (ಇಲ್ಲಿ ಹಿಡಿದದ್ದು ಕ್ವಾರಿಗೆ 2.65, ಆರ್‌ಸಿಎಗೆ 2.4), ಟ್ರಯಲ್ ಮಿಕ್ಸ್ ಇಲ್ಲದೆ ನೇರ ಸೈಟಿಗೆ ಒಯ್ಯಬೇಡಿ. 28 ದಿನಕ್ಕೆ ಟ್ರಯಲ್ ಕ್ಯೂಬುಗಳ (ಪರೀಕ್ಷೆಗೆ ಎರಕ ಹಾಕಿದ ಕಾಂಕ್ರೀಟ್ ಘನಗಳು) ಸರಾಸರಿ ಬಲ 26.6 ಮೆಗಾಪ್ಯಾಸ್ಕಲ್ ಮುಟ್ಟಬೇಕು.

ಕೆಲಸ ಕೆಡುವುದು ಬಹುತೇಕ ನೀರಿನಲ್ಲಿ. ಗ್ರಾನೈಟ್ ಜಲ್ಲಿ ನೀರು ಹೀರುವುದು ಶೇ 1ರೊಳಗೆ. ಆರ್‌ಸಿಎ ಶೇ 5 ಹೀರಿದರೂ ಆಶ್ಚರ್ಯವಿಲ್ಲ. ಕೋಡ್ ಶೇ 10ರವರೆಗೂ ಬಿಡುತ್ತದೆ, ಮೊದಲೇ ನೆನೆಸಬೇಕೆಂಬ ಷರತ್ತಿನ ಮೇಲೆ. ಮೇಲಿನ 277 ಕೆ.ಜಿ. ಅಂದರೆ ಒಣ ತೂಕದಲ್ಲಿ 264. ಅದನ್ನು ಒಣಗಿದಂತೆಯೇ ಮಿಕ್ಸರ್‌ಗೆ ಸುರಿದರೆ 13 ಲೀಟರ್ ನೀರು ಅದರೊಳಗೆ ಹೋಗುತ್ತದೆ. ಹತ್ತು ನಿಮಿಷದಲ್ಲಿ ಕಾಂಕ್ರೀಟು ಗಟ್ಟಿಯಾಗುತ್ತದೆ, ಸಾಗದು. ಆಗ ಯಾರೋ ಪೈಪ್ ಹಿಡಿದು ಅಂದಾಜಿಗೆ ನೀರು ಬಿಡುತ್ತಾರೆ, 13ರ ಬದಲು 30 ಲೀಟರ್ ಹೋಗುತ್ತದೆ. 28ನೇ ದಿನ ಕ್ಯೂಬ್ ಫೇಲಾದಾಗ ದೂರು ಮಾತ್ರ ಮರುಬಳಕೆ ಜಲ್ಲಿಯ ಮೇಲೆ.

ಆದ್ದರಿಂದ ಹಿಂದಿನ ದಿನವೇ ಆರ್‌ಸಿಎ ರಾಶಿಗೆ ಸ್ಪ್ರಿಂಕ್ಲರ್ ಹಚ್ಚಿ 24 ಗಂಟೆ ತೇವವಾಗಿಡಿ. ರಾಶಿಯ ತಳ ಇಳಿಜಾರಾಗಿರಲಿ, ನೀರು ನಿಲ್ಲದಿರಲಿ. ಕೆಲಸಕ್ಕೆ ಎರಡು ಮೂರು ಗಂಟೆ ಮುಂಚೆ ನೀರು ನಿಲ್ಲಿಸಿ, ಒದ್ದೆ ಗೋಣಿ ಹೊದಿಸಿ ಬಸಿಯಲು ಬಿಡಿ. ಬೆಳಗ್ಗೆ ಒಂದು ಕೆ.ಜಿ. ತೆಗೆದು ಬಾಣಲೆಯಲ್ಲಿ ಹುರಿದು ಒಣಗಿಸಿ ತೂಗಿದರೆ ತೇವಾಂಶ ಗೊತ್ತಾಗುತ್ತದೆ. ಒಟ್ಟು ತೇವ ಶೇ 7 ಇದ್ದು, ಹೀರುವಿಕೆ ಶೇ 5 ಆದರೆ, ಮೇಲ್ಮೈಯ ಶೇ 2 ಬಿಡಿ ನೀರು: 264 ಕೆ.ಜಿ.ಗೆ ಸುಮಾರು 5 ಲೀಟರ್. ಅಷ್ಟನ್ನು 170ರಲ್ಲಿ ಕಳೆಯಿರಿ. ಮರಳಿನ ತೇವವನ್ನೂ ಹೀಗೇ ಕಳೆಯಬೇಕು, ಮಳೆಗಾಲದಲ್ಲಿ ಅದೇ ದೊಡ್ಡದು.

ಮಿಕ್ಸರ್‌ನಲ್ಲಿ ಕ್ರಮ ಬದಲಿಸಿ. ಮೊದಲು ಜಲ್ಲಿ, ಮರಳು, ಅರ್ಧ ನೀರು, ಒಂದು ನಿಮಿಷ. ಆಮೇಲೆ ಸಿಮೆಂಟ್ ಮತ್ತು ಜಿಜಿಬಿಎಸ್, ಅರ್ಧ ನಿಮಿಷ. ಕೊನೆಗೆ ಉಳಿದ ನೀರು, ಎರಡು ನಿಮಿಷ. ಹೀಗೆ ಮಾಡಿದಾಗ ಹಳೆ ಗಾರೆಯ ಬಿರುಕುಗಳಲ್ಲಿ ಗಟ್ಟಿ ಸಿಮೆಂಟ್ ಹಾಲು ಹೋಗಿ ಕೂರುತ್ತದೆ. ಹೆಚ್ಚುವರಿ ಖರ್ಚು ಏನೂ ಇಲ್ಲ, ಆದರೂ ಹೇಳಿ ಮಾಡಿಸದಿದ್ದರೆ ಯಾರೂ ಮಾಡುವುದಿಲ್ಲ.

ಸ್ಲ್ಯಾಗ್ ಇರುವ ಕಾಂಕ್ರೀಟು ನಿಧಾನ. ಮೂರನೇ ದಿನದ ಬಲ ನೋಡಿ ಗಾಬರಿಯಾಗಬೇಡಿ, ಮಲೆನಾಡಿನ ಚಳಿಯಲ್ಲಂತೂ ಇನ್ನೂ ಕಡಿಮೆಯಿರುತ್ತದೆ. 7, 28ರ ಜೊತೆ 56 ದಿನಕ್ಕೂ ಮೂರು ಕ್ಯೂಬ್ ಇಡಿ. ಕ್ಯೂರಿಂಗ್ ಕನಿಷ್ಠ 10 ದಿನ, ಗೋಣಿ ಹೊದಿಸಿ. ಏಳನೇ ದಿನಕ್ಕೆ ಟ್ಯಾಂಕರ್ ನಿಲ್ಲಿಸಿದರೆ ಸ್ಲ್ಯಾಗ್ ಅರ್ಧ ದಾರಿಯಲ್ಲೇ ನಿಂತು ಮೇಲ್ಮೈ ದೂಳೇಳುತ್ತದೆ.

ಮೇಲಿನ ಪದರ: ಡಾಂಬರಿನಲ್ಲಿ ಪ್ಲಾಸ್ಟಿಕ್

ಬಿಸಿ ಜಲ್ಲಿಗೆ ಮೊದಲು ಪ್ಲಾಸ್ಟಿಕ್ ಚೂರು ಹಾಕಿ, ಅದು ಕರಗಿ ಜಲ್ಲಿಗೆ ಅಂಟಿದ ಮೇಲೆ ಬಿಟುಮೆನ್ ಬೆರೆಸುವ ಒಣ ವಿಧಾನವನ್ನು ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ರೂಪಿಸಿದರು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಐಆರ್‌ಸಿ ಎಸ್‌ಪಿ 98 (2013) ಈ ವಿಧಾನವನ್ನು ಬಿಟುಮೆನ್ ತೂಕದ ಶೇ 6ರಿಂದ 8ರ ಪ್ರಮಾಣಕ್ಕೆ ನಿಗದಿ ಮಾಡಿತು.

ಯಾವ ಪ್ಲಾಸ್ಟಿಕ್? ಹಾಲಿನ ಕವರು, ಕ್ಯಾರಿ ಬ್ಯಾಗು, ಪ್ಯಾಕಿಂಗ್ ಹಾಳೆ ಸರಿ. ಫ್ಲೆಕ್ಸ್ ಬ್ಯಾನರ್, ಪೈಪು, ವೈರಿನ ಹೊದಿಕೆ, ರೆಕ್ಸಿನ್ ಇವೆಲ್ಲ ಪಿವಿಸಿ: ಬಿಸಿಗೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಪ್ಲಾಂಟಿನವರ ಗಂಟಲು ಉರಿಯುತ್ತದೆ, ಒಂದು ಚೀಲವೂ ಬೇಡ. ಪದೇ ಪದೇ ಕರಗಿಸಿದ ಕಪ್ಪು ಕವರೂ ಬೇಡ. ನೀರಿನ ಬಾಟಲಿಯ ಪೆಟ್ ಕರಗಲು 250 ಡಿಗ್ರಿ ಹತ್ತಿರ ಬೇಕು, ಪ್ಲಾಂಟಿನಲ್ಲಿ ಸಿಗುವುದು 165. ಅದು ಕರಗದೆ ಚೂರಾಗಿಯೇ ಉಳಿಯುತ್ತದೆ. ಬಾಟಲಿಗೆ ಗುಜರಿಯಲ್ಲಿ ಬೆಲೆಯೂ ಇದೆ, ಅಲ್ಲಿಗೇ ಹೋಗಲಿ. ಅನುಮಾನ ಬಂದರೆ ಸೋಪಿನ ಹನಿ ಬೆರೆಸಿದ ಬಕೆಟ್ ನೀರಿಗೆ ಚೂರು ಹಾಕಿ ಕಲಕಿ: ಪಾಲಿಥಿನ್, ಪಾಲಿಪ್ರೊಪಿಲೀನ್ ತೇಲುತ್ತವೆ, ಪಿವಿಸಿ ಮತ್ತು ಪೆಟ್ ಮುಳುಗುತ್ತವೆ.

ಚೂರಿನ ಗಾತ್ರ 2.36 ಮಿ.ಮೀ. ಜರಡಿಯಲ್ಲಿ ಇಳಿದು 600 ಮೈಕ್ರಾನ್‌ನಲ್ಲಿ ನಿಲ್ಲಬೇಕು, ದೂಳು ಶೇ 1 ಮೀರಬಾರದು. ಒದ್ದೆ ಚೂರು ಹಾಕಿದರೆ ಆವಿಯೆದ್ದು ಜಲ್ಲಿಗೆ ಸರಿಯಾಗಿ ಅಂಟದು.

ಬ್ಯಾಚ್ ಪ್ಲಾಂಟ್ ಇದ್ದರೆ 1,000 ಕೆ.ಜಿ. ಬ್ಯಾಚಿಗೆ ಶೇ 5.4ರಂತೆ ಒಟ್ಟು ಬೈಂಡರ್ 54 ಕೆ.ಜಿ.: ಪ್ಲಾಸ್ಟಿಕ್ 4.3, ವಿಜಿ-30 ದರ್ಜೆಯ ಬಿಟುಮೆನ್ 49.7. ಎಷ್ಟು ಕಳೆಯಬಹುದು ಎಂಬ ಕೊನೆಯ ಮಾತು ಡಾಂಬರು ಮಿಶ್ರಣದ ಬಲ ಅಳೆಯುವ ಮಾರ್ಷಲ್ ಪರೀಕ್ಷೆಯದು: ಗಾಳಿ ಖಾಲಿಜಾಗ ಶೇ 3ರಿಂದ 5, ಫ್ಲೋ (ಹೊರೆಗೆ ಕುಗ್ಗುವ ಅಳತೆ) 2ರಿಂದ 4 ಮಿ.ಮೀ., ನೀರಿನ ಪರೀಕ್ಷೆಯಲ್ಲಿ ಉಳಿಯುವ ಬಲ ಶೇ 80ಕ್ಕೆ ಕಡಿಮೆಯಿಲ್ಲ. ಜಲ್ಲಿ 160ರಿಂದ 170 ಡಿಗ್ರಿಗೆ ಬಂದಾಗ ಮಿಶ್ರಣ ಕಲಸುವ ಪಗ್‌ಮಿಲ್‌ಗೆ ಬಿಡಿ. ಪ್ಲಾಸ್ಟಿಕ್ ಚೂರು ಹಾಕಿ ಅರ್ಧದಿಂದ ಮುಕ್ಕಾಲು ನಿಮಿಷ ತಿರುಗಿಸಿ; ಜಲ್ಲಿ ಎಣ್ಣೆ ಸವರಿದಂತೆ ಹೊಳೆಯಬೇಕು. ಆಮೇಲೆ 160 ಡಿಗ್ರಿಯ ಬಿಟುಮೆನ್. 180 ಡಿಗ್ರಿ ದಾಟಲೇಬಾರದು. ಹೊಗೆ ಎದ್ದರೆ ಆ ಬ್ಯಾಚ್ ತಳ್ಳಿಬಿಡಿ, ಪ್ಲಾಸ್ಟಿಕ್ ಸುಟ್ಟಿದೆ, ಬಿಟುಮೆನ್ನೂ ಸುಟ್ಟಿದೆ.

ನಿಲ್ಲದೆ ಬೆರೆಸುತ್ತಾ ಹೋಗುವ ಡ್ರಮ್ ಮಿಕ್ಸ್ ಪ್ಲಾಂಟಿನಲ್ಲಿ ಇದು ಕಷ್ಟ. ಚೂರನ್ನು ಬರ್ನರ್‌ನಿಂದ ದೂರದಲ್ಲಿ, ಬಿಟುಮೆನ್ ಬೀಳುವುದಕ್ಕೆ ತುಸು ಮುಂಚೆ, ಬ್ಲೋವರ್ ಮೂಲಕ ಊದಬೇಕು, ಅದೂ ಜಲ್ಲಿಯ ಹರಿವಿಗೆ ಹೊಂದುವ ಮೀಟರ್ ಇಟ್ಟು. ಚೀಲದಿಂದ ಕೈಯಲ್ಲಿ ಎರಚುವುದನ್ನು ಪ್ಲಾಸ್ಟಿಕ್ ರಸ್ತೆ ಎನ್ನಲಾಗದು: ಒಂದು ಟ್ರಕ್‌ಗೆ ಶೇ 15, ಮುಂದಿನದಕ್ಕೆ ಸೊನ್ನೆ. ಮೊದಲಿನದು ಪೆಡಸಾಗಿ ಬಿರುಕು ಬಿಡುತ್ತದೆ.

ಹಾಸುವಾಗ ಕೆಳಗಿನ ಡಾಂಬರು ಪದರದ ಮೇಲೆ ಚದರ ಮೀಟರಿಗೆ 0.2ರಿಂದ 0.3 ಕೆ.ಜಿ. ಟ್ಯಾಕ್ ಕೋಟ್ (ಎರಡು ಪದರ ಅಂಟಿಸುವ ತೆಳು ಬಿಟುಮೆನ್ ಲೇಪ). ಮಿಶ್ರಣ ಹಾಸುವ ಯಂತ್ರದಲ್ಲಿ (ಪೇವರ್) ಅದು 140 ಡಿಗ್ರಿಗಿಂತ ಕಡಿಮೆಯಿರಬಾರದು, ರೋಲಿಂಗ್ 90 ಡಿಗ್ರಿಗಿಳಿಯುವ ಮುನ್ನ ಮುಗಿಯಬೇಕು. ಪ್ಲಾಸ್ಟಿಕ್ ಇರುವ ಮಿಶ್ರಣ ತಣ್ಣಗಾಗುತ್ತಾ ಬೇಗ ಬಿಗಿಯುವುದರಿಂದ ರೋಲರ್ ಪೇವರ್‌ನ ಬೆನ್ನಿಗೇ ಇರಲಿ. ಟ್ರಕ್ಕುಗಳಿಗೆ ಟಾರ್ಪಾಲು ಹೊದಿಸಿ. ಪದರವನ್ನು ಕೊರೆದು ಕೋರ್ ತುಂಡು ತೆಗೆದಾಗ ಸಾಂದ್ರತೆ ಸೈದ್ಧಾಂತಿಕ ಗರಿಷ್ಠದ ಶೇ 92ಕ್ಕಿಂತ ಕೆಳಗಿದ್ದರೆ ಎಷ್ಟು ಪ್ಲಾಸ್ಟಿಕ್ ಹಾಕಿದ್ದರೂ ಮೊದಲ ಮಳೆಗೆ ಗುಂಡಿ ಬೀಳುತ್ತದೆ. ಪಕ್ಕದ ಚರಂಡಿ ಕಟ್ಟಿಕೊಂಡಿದ್ದರೆ ಅದಕ್ಕೂ ಮುಂಚೆಯೇ.

ಸೂಕ್ಷ್ಮ ಪ್ಲಾಸ್ಟಿಕ್ ಕಣಗಳ ಪ್ರಶ್ನೆ ಸುಳ್ಳಲ್ಲ. ಚಕ್ರ ಸವೆಸುವುದು ಮೇಲ್ಪದರವನ್ನು. ಎರಡು ಡಾಂಬರು ಪದರ ಹಾಕುವ ರಸ್ತೆಯಾದರೆ ಪ್ಲಾಸ್ಟಿಕ್ಕನ್ನು ಕೆಳಗಿನದಕ್ಕೆ ಹಾಕಿ, ಮೇಲಿನದನ್ನು ಸಾದಾ ಬಿಟುಮೆನ್‌ನಲ್ಲೇ ಮುಗಿಸುವುದು ನಮ್ಮ ಆಯ್ಕೆ.

ಕಿತ್ತ ಹಳೆ ಡಾಂಬರು

ರಸ್ತೆಯನ್ನು ಯಂತ್ರದಿಂದ ಕೆತ್ತಿ (ಮಿಲ್ ಮಾಡಿ) ತೆಗೆದ ಡಾಂಬರಿನ ಚೂರಿನಲ್ಲಿ ಜಲ್ಲಿಯೂ ಇದೆ, ಬಿಟುಮೆನ್ನೂ ಇದೆ. ಇದನ್ನು ತಗ್ಗಿಗೆ ಸುರಿಯುವುದು ನಷ್ಟದ ಬಾಬ್ತು. ಐಆರ್‌ಸಿ 120 (2015) ಇದರ ಮರುಬಳಕೆಯ ಕೈಪಿಡಿ. ಹೊಸ ಬಿಸಿ ಮಿಶ್ರಣದಲ್ಲಿ ಶೇ 10ರಿಂದ ಶುರು ಮಾಡಿ. ನೇರ ಜ್ವಾಲೆಗೆ ಹಿಡಿಯಬೇಡಿ, ಹಳೆ ಬಿಟುಮೆನ್ ಸುಟ್ಟು ನೀಲಿ ಹೊಗೆ ಬರುತ್ತದೆ. ಹೊಸ ಜಲ್ಲಿಯನ್ನು ಹೆಚ್ಚು ಕಾಯಿಸಿ ಅದರ ಶಾಖದಿಂದ ಇದು ಕರಗಲಿ. ರಾಶಿಗೆ ಚಾವಣಿ ಕಟ್ಟಿ, ಒದ್ದೆಯಾದರೆ ಇಂಧನವೆಲ್ಲ ನೀರು ಆರಿಸುವುದಕ್ಕೇ ಹೋಗುತ್ತದೆ.

ಪ್ಲಾಸ್ಟಿಕ್ ಹಾಕಿದ ಪದರವನ್ನು ಮುಂದೊಂದು ದಿನ ಹೀಗೆ ಕಿತ್ತಾಗ ಕಾಯಿಸುವವರಿಗೆ ಅದು ಗೊತ್ತಿರಬೇಕು. ರಸ್ತೆಯ ರಿಜಿಸ್ಟರ್‌ನಲ್ಲಿ ಚೈನೇಜ್ (ಎಷ್ಟನೇ ಮೀಟರ್ ಎಂಬ ಗುರುತು) ಸಮೇತ ಬರೆದಿಡಿ: ಯಾವ ಪದರ, ಯಾವ ಪ್ಲಾಸ್ಟಿಕ್, ಶೇಕಡಾ ಎಷ್ಟು, ಯಾವ ದಿನಾಂಕ, ಜಿಎಸ್‌ಬಿಯ ಅವಶೇಷ ಎಲ್ಲಿಂದ ಬಂತು, ಕೋರ್ ಮತ್ತು ಕ್ಯೂಬ್ ಫಲಿತಾಂಶ ಏನು.